ಟಾಮಿ ಎಂಬ ಹೆಸರಿನವರು

ನಮ್ಮೂರಿನಲ್ಲಿ ನಾಯಿಗೆ ಹೆಸರಿಡಲು ಯಾರೂ ಪಂಚಾಂಗ ನೋಡುವುದಿಲ್ಲ. ಕಪ್ಪಗಿದ್ದರೆ ಕರಿಯ, ಕೆಂಚಗಿದ್ದರೆ ಕೆಂಚ, ಕಿವಿ ನೆಟ್ಟಗಿದ್ದು ಸ್ವಲ್ಪ ಗತ್ತು ತೋರಿಸಿದರೆ ರಾಜ. ಇದಾವುದೂ ಹೊಂದದಿದ್ದರೆ ಟಾಮಿ. ಮಂಡ್ಯ ಸೀಮೆಯ ಆ ಸಣ್ಣ ಊರಿನಲ್ಲಿ ನಾನು ಬಾಲ್ಯದಿಂದ ಕಂಡ ಟಾಮಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಒಂದು ಪುಟ್ಟ ಪಲ್ಟನ್ನೇ ಆದೀತು. ಆ ಹೆಸರಿಗೂ ಪಲ್ಟನ್ನಿಗೂ ನಿಜವಾಗಿಯೇ ನಂಟಿದೆ ಎಂದು ಗೊತ್ತಾದದ್ದು ಕಾಲೇಜಿನಲ್ಲಿ, ಕಿಪ್ಲಿಂಗನ ‘ಟಾಮಿ’ ಎಂಬ ಪದ್ಯವನ್ನು ನಮ್ಮ ಇಂಗ್ಲಿಷ್ ಮೇಷ್ಟ್ರು ಓದಿಸಿದಾಗ. 1890ರ ಪದ್ಯ ಅದು. ಶಾಂತಿಯ ಕಾಲದಲ್ಲಿ ಸಿಪಾಯಿಯನ್ನು ಹೆಂಡದಂಗಡಿಯೊಳಕ್ಕೂ ಬಿಟ್ಟುಕೊಳ್ಳದ ಜನ ಯುದ್ಧ ಬಂದ ಕೂಡಲೇ ಅವನನ್ನು ಹೊಗಳತೊಡಗುತ್ತಾರೆ ಎಂಬುದು ಅದರೊಳಗಿನ ಸಿಟ್ಟು. ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ ಬೊಗಳಿದರು. ಮೇಷ್ಟ್ರೂ ನಕ್ಕರು.

ನಾಯಿಗೆ ಆ ಹೆಸರು ಬಂದದ್ದು ಸಿಪಾಯಿಯಿಂದಲೇ ಎಂದು ನಾನು ವಾದಿಸುತ್ತಿಲ್ಲ. ಥಾಮಸನನ್ನು ಮುದ್ದಾಗಿ ಕರೆದರೆ ಟಾಮಿ, ಅಷ್ಟೆ. ಆದರೆ ಬ್ರಿಟಿಷ್ ಸಾಮ್ರಾಜ್ಯದ ಸಾಮಾನ್ಯ ಸಿಪಾಯಿಗಳೆಲ್ಲರಿಗೂ ಸೇರಿ ಒಂದೇ ಹೆಸರು ಬಂದದ್ದು ಹೇಗೆ ಎನ್ನುವುದು ಆಮೇಲೆ ಬಹಳ ವರ್ಷ ನನ್ನ ತಲೆಯಲ್ಲಿ ಕೂತಿತ್ತು.

ಅದು ಬಂದದ್ದು ಒಂದು ಸರ್ಕಾರಿ ಫಾರಮ್ಮಿನಿಂದ. 1815ರಲ್ಲಿ ಬ್ರಿಟನ್ನಿನ ಯುದ್ಧ ಕಚೇರಿ, ಸಿಪಾಯಿ ತನ್ನ ಲೆಕ್ಕದ ಪುಸ್ತಕವನ್ನು ಹೇಗೆ ತುಂಬಬೇಕು ಎಂದು ತೋರಿಸಲು ಒಂದು ಮಾದರಿ ಕೊಟ್ಟಿತು. ನಮ್ಮ ಬ್ಯಾಂಕಿನ ಗೋಡೆಗೆ ಚಲನ್ ತುಂಬುವ ಮಾದರಿ ಅಂಟಿಸುತ್ತಾರಲ್ಲ, ಹಾಗೆ. ಆ ಮಾದರಿಯಲ್ಲಿದ್ದ ಹೆಸರು ಥಾಮಸ್ ಆಟ್ಕಿನ್ಸ್. ಸಹಿಯ ಜಾಗದಲ್ಲಿ ಸಹಿ ಇರಲಿಲ್ಲ, ಒಂದು ಕತ್ತರಿ ಗುರುತು ಇತ್ತು. ಸಿಪಾಯಿಗೆ ಓದು ಬರಹ ಬರುವುದಿಲ್ಲ ಎಂದು ಕಚೇರಿಯೇ ಮೊದಲೇ ತೀರ್ಮಾನಿಸಿತ್ತು, ಅದು ತಪ್ಪೂ ಆಗಿರಲಿಲ್ಲ. 1837ರ ಮಾದರಿಯ ಹೊತ್ತಿಗೆ ಅದೇ ಆಟ್ಕಿನ್ಸ್ ಸಾರ್ಜೆಂಟ್ ಆಗಿ ಬಡ್ತಿ ಪಡೆದಿದ್ದ, ತನ್ನ ಹೆಸರನ್ನು ತಾನೇ ಬರೆಯಲು ಕಲಿತಿದ್ದ! ಕಾಗದದ ಮೇಲಷ್ಟೇ ಬದುಕಿದ್ದ ಮನುಷ್ಯನೊಬ್ಬ ಕಾಗದದ ಮೇಲೆಯೇ ಅಕ್ಷರಸ್ಥನಾದ ಈ ಸಂಗತಿ ನನಗೆ ತುಂಬ ಇಷ್ಟ. ಹೆಬ್ಬೆಟ್ಟಿನವರ ಮನೆಯಿಂದ ಬಂದವಳಾದ್ದರಿಂದ ಇರಬಹುದು.

ಈ ಹೆಸರಿಗೆ ಇದಕ್ಕಿಂತ ಚೆಂದದ ಕತೆಯೂ ಒಂದುಂಟು. ವೆಲಿಂಗ್ಟನ್ ಡ್ಯೂಕನನ್ನು 1843ರಲ್ಲಿ ಮಾದರಿ ಫಾರಮ್ಮಿಗೆ ಹೆಸರು ಸೂಚಿಸಿ ಎಂದು ಕೇಳಿದರಂತೆ. ಅವನಿಗೆ 1794ರಲ್ಲಿ ನೆದರ್ಲೆಂಡ್ಸಿನ ಬಾಕ್ಸ್‌ಟೆಲ್ ಕಾಳಗದಲ್ಲಿ, ಕೆಸರಿನಲ್ಲಿ ಬಿದ್ದು ಸಾಯುತ್ತಿದ್ದ ತನ್ನ 33ನೇ ರೆಜಿಮೆಂಟಿನ ಆಟ್ಕಿನ್ಸ್ ಎಂಬ ಸಿಪಾಯಿ ನೆನಪಾದನಂತೆ. ಸಾಯುವಾಗಲೂ ಆ ಸಿಪಾಯಿ, ಇದೆಲ್ಲ ದಿನದ ಕೂಲಿಯ ಒಂದು ಭಾಗ ಸ್ವಾಮಿ ಎನ್ನುವ ಅರ್ಥದ ಮಾತಾಡಿದನಂತೆ. ಆದರೆ 1815ರಲ್ಲಾಗಲೇ ಅಚ್ಚಾಗಿದ್ದ ಹೆಸರನ್ನು 1843ರಲ್ಲಿ ಹುಡುಕಬೇಕಾದ ಅಗತ್ಯವೇನಿತ್ತು? ದಂಡನಾಯಕನೊಬ್ಬ ಐವತ್ತು ವರ್ಷದ ಹಿಂದೆ ಸತ್ತ ಸಿಪಾಯಿಯ ಹೆಸರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಎಂದು ನಂಬಲು ಜನಕ್ಕೆ ಆಸೆ. ಅದಕ್ಕೇ ಈ ಕತೆ ಇನ್ನೂ ಸತ್ತಿಲ್ಲ.

33ನೇ ರೆಜಿಮೆಂಟ್ ಎಂದೊಡನೆ ನನ್ನ ಕಿವಿ ನಿಮಿರುವುದಕ್ಕೆ ಬೇರೆ ಕಾರಣವಿದೆ. ಅದೇ ರೆಜಿಮೆಂಟ್ ನಮ್ಮ ಊರಿನ ಪಕ್ಕಕ್ಕೇ ಬಂದಿತ್ತು. ವೆಲಿಂಗ್ಟನ್ ಆಗಿನ್ನೂ ಡ್ಯೂಕನಾಗಿರಲಿಲ್ಲ, ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿಗೆ ಅವನು ಈ 33ನೆಯವರನ್ನು ನುಗ್ಗಿಸಿದ. ಕತ್ತಲು, ಕಾಲುವೆಗಳು, ಬಿದಿರು ಮೆಳೆ. ಮೇಲೆ ಟಿಪ್ಪುವಿನ ಕಡೆಯವರ ಬಾಣ ಬಿರುಸು. ಪಡೆ ಚೆಲ್ಲಾಪಿಲ್ಲಿಯಾಯಿತು, ವೆಲ್ಲೆಸ್ಲಿಯ ಮೊಣಕಾಲಿಗೆ ಪೆಟ್ಟಾಯಿತು, ಕೆಲವರು ಸೆರೆ ಸಿಕ್ಕಿ ಸತ್ತರು. ವಾಟರ್‌ಲೂ ಗೆದ್ದವನ ಸೋಲಿನ ರಾತ್ರಿ ಎಂದು ಇತಿಹಾಸದ ಪುಸ್ತಕಗಳು ಇದನ್ನು ಮರೆಯದೆ ಬರೆಯುತ್ತವೆ. ಆ ರಾತ್ರಿ ಅವನ ಮೊಣಕಾಲಿಗೆ ಏನಾಯಿತು ಎಂಬುದು ನನಗೆ ಗೊತ್ತಿರುವಷ್ಟು ಸಲೀಸಾಗಿ, ಸತ್ತವರಲ್ಲಿ ಒಬ್ಬನ ಹೆಸರೂ ನನಗೆ ಬಾರದು.

ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಡದ ಹತ್ತಿರ ಗ್ಯಾರಿಸನ್ ಸ್ಮಶಾನವಿದೆ. ಸುಮಾರು 300 ಗೋರಿಗಳು. ಪ್ರವಾಸಿಗಳು ದರಿಯಾ ದೌಲತ್, ನಿಮಿಷಾಂಬ, ಸಂಗಮ ಮುಗಿಸಿ ಹೊರಡುವುದರಿಂದ ಅಲ್ಲಿ ಹೆಚ್ಚು ಗಲಾಟೆ ಇರುವುದಿಲ್ಲ. ಅಲ್ಲಿ ಮಲಗಿರುವವರಲ್ಲಿ ದ ಮ್ಯೂರೋನ್ ರೆಜಿಮೆಂಟಿನವರೂ ಅವರ ಮನೆಯವರೂ ಇದ್ದಾರೆ. ಅದು ಸ್ವಿಸ್ ಕೂಲಿ ಪಡೆ. ಮೊದಲು ಡಚ್ಚರಿಗೆ ದುಡಿಯುತ್ತಿದ್ದವರು 1795ರಲ್ಲಿ ಇಂಗ್ಲಿಷರ ಕಡೆ ಬಂದರು, ನಾಲ್ಕು ವರ್ಷಕ್ಕೆ ನಮ್ಮ ಕೋಟೆ ಹತ್ತಿದರು. ಕೋಟೆಯ ಒಳಗಿನಿಂದ ನೋಡುತ್ತಿದ್ದವರಿಗೆ ಸ್ವಿಸ್ ಯಾರು, ಸ್ಕಾಟ್ ಯಾರು, ಐರಿಷ್ ಯಾರು? ಎಲ್ಲರೂ ಪರಂಗಿಗಳು.

ಈ ‘ಪರಂಗಿ’ಯೂ ಹುಟ್ಟಿನಿಂದ ಇಂಗ್ಲಿಷರದಲ್ಲ. ಫ್ರಾಂಕ್ ಎಂಬ ಯುರೋಪಿನ ಒಂದು ಜನಾಂಗದ ಹೆಸರು ಅರಬ್ಬರ, ಪಾರಸಿಗಳ ಬಾಯಲ್ಲಿ ಫಿರಂಗಿಯಾಗಿ, ಪೋರ್ಚುಗೀಸರಿಗೆ ಅಂಟಿ, ಆಮೇಲೆ ಬಂದವರಿಗೆಲ್ಲ ಹಂಚಿಕೆಯಾಯಿತು. ಅವರ ತೋಪಿಗೂ ಅದೇ ಹೆಸರು, ಹೊರಗಿನಿಂದ ಬಂದ ಹಣ್ಣಿಗೂ ಅದೇ ಹೆಸರು. ಮರಾಠಿಯಲ್ಲಿ ಶಿವಾಜಿಯ ವಂಶದ ಅಮಾತ್ಯ ರಾಮಚಂದ್ರಪಂತ ಬರೆದ ‘ಆಜ್ಞಾಪತ್ರ’ದಲ್ಲಿ ಇಂಗ್ಲಿಷರು, ಡಚ್ಚರು, ಫ್ರೆಂಚರು ಎಲ್ಲರನ್ನೂ ‘ಟೋಪೀಕರ’ರು ಎಂಬ ಒಂದೇ ಬುಟ್ಟಿಗೆ ಹಾಕಲಾಗಿದೆ. ಹದಿನೆಂಟನೆಯ ಶತಮಾನದ ಮೊದಲ ಭಾಗದ ಮಾತು ಅದು; ಅವರು ಇನ್ನೂ ಅಂಗಡಿಯವರಾಗಿದ್ದ ಕಾಲ. ನಮ್ಮಲ್ಲಿ ಈಗ ‘ಟೋಪಿ ಹಾಕಿದ’ ಎಂದರೆ ಬೇರೆಯೇ ಅರ್ಥ. ಅಮಾತ್ಯರು ಕೇಳಿದ್ದರೆ ತಲೆದೂಗುತ್ತಿದ್ದರು.

ಅಂಗಡಿಯವರು ದಂಡು ಕಟ್ಟಿದ ಮೇಲೆ ಹೆಸರು ಟೋಪಿಯಿಂದ ಅಂಗಿಗೆ ಇಳಿಯಿತು. ಕೆಂಪು ಕೋಟಿನವರಾದ್ದರಿಂದ ‘ಲಾಲ್ ಕುರ್ತಿ’. ಮೀರತ್, ರಾವಲ್ಪಿಂಡಿಗಳಲ್ಲಿ ದಂಡಿನ ಬಜಾರುಗಳಿಗೆ ಇಂದಿಗೂ ಆ ಹೆಸರಿದೆ. 1857ರಲ್ಲಿ ಲಂಗದಂಥ ಉಡುಪು ತೊಟ್ಟು ಬಂದ ಸ್ಕಾಟ್ಲೆಂಡಿನ ಗುಡ್ಡಗಾಡಿನವರನ್ನು ಉತ್ತರದ ಜನ ಘಾಗ್ರಾ ಪಲ್ಟನ್ ಎಂದರು. ನಮ್ಮ ಕಡೆ ಬಣ್ಣ ಬಟ್ಟೆಯದಲ್ಲ, ಮುಖದ್ದು: ಕೆಂಪು ಮೂತಿ. ಊರ ಜಾತ್ರೆಯಲ್ಲಿ ನಾನು ನೋಡಿದ ಕಿತ್ತೂರು ಚೆನ್ನಮ್ಮನ ನಾಟಕದಲ್ಲಿ ಈ ಮಾತು ಬಂದಾಗಲೆಲ್ಲ ಶಿಳ್ಳೆ ಬೀಳುತ್ತಿತ್ತು. ಸೋತವರ ಕೈಗೆ ಉಳಿಯುವ ಆಯುಧಗಳಲ್ಲಿ ಅಡ್ಡಹೆಸರೂ ಒಂದು. ಅದನ್ನು ಕಸಿದುಕೊಳ್ಳುವ ಕಾನೂನನ್ನು ಯಾವ ಸರ್ಕಾರಕ್ಕೂ ಮಾಡಲು ಬಂದಿಲ್ಲ.

ಆದರೆ ಆ ಕೆಂಪು ಕೋಟಿನವರನ್ನು ಅವರ ದೇಶದವರೇ ಏನೆಂದು ಕರೆಯುತ್ತಿದ್ದರು ಎಂದು ಓದಿದಾಗ ನನ್ನ ನಗು ಸ್ವಲ್ಪ ತಗ್ಗಿತು. ಲಾಬ್‌ಸ್ಟರ್, ಅಂದರೆ ಬೇಯಿಸಿದರೆ ಕೆಂಪಾಗುವ ಸಮುದ್ರದ ದೊಡ್ಡ ಸಿಗಡಿ. ಅದಕ್ಕಿಂತ ಕ್ರೂರವಾದದ್ದು ‘ನೆತ್ತರ ಬೆನ್ನಿನವರು’. ಕೋಟಿನ ಬಣ್ಣದ ಜೊತೆಗೆ ಚಾವಟಿಯ ಏಟಿನ ಮೇಲಿನ ಕುಹಕ ಅದು. ಬ್ರಿಟಿಷ್ ಸೈನ್ಯದಲ್ಲಿ ಚಾವಟಿಯ ಶಿಕ್ಷೆ ರದ್ದಾದದ್ದು 1881ರಲ್ಲಿ. ಇಂಡಿಯಾದ ಬ್ಯಾರಕ್ಕುಗಳ ಸ್ಥಿತಿ ವಿಚಾರಿಸಿದ ರಾಯಲ್ ಕಮಿಷನ್ 1863ರಲ್ಲಿ ಕೊಟ್ಟ ಅಂಕಿಯ ಪ್ರಕಾರ ಇಲ್ಲಿ ವರ್ಷಕ್ಕೆ ಸಾವಿರ ಬಿಳಿಯ ಸಿಪಾಯಿಗಳಲ್ಲಿ 69 ಮಂದಿ ಸಾಯುತ್ತಿದ್ದರು, ಹೆಚ್ಚಾಗಿ ಕಾಲರಾ, ಆಮಶಂಕೆ, ಜ್ವರ, ಹೆಂಡದಿಂದ. ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿಯೇ ಅವರು 1809ರಲ್ಲಿ ಬೆಂಗಳೂರಿನಲ್ಲಿ ದಂಡು ಕಟ್ಟಿದ್ದು.

ಈ ದಂಡಿಗೆ ಒಂದು ತಮಾಷೆಯ ಹೆಸರೂ ಸಲ್ಲಬೇಕು. ಆಗಿನ ಬಿಳಿಯ ಅಧಿಕಾರಿಗಳು ಪ್ರಾಂತ್ಯಕ್ಕೊಂದು ಅಡ್ಡಹೆಸರು ಇಟ್ಟುಕೊಂಡಿದ್ದರು. ಬಂಗಾಳದವರು ಮಾತೆತ್ತಿದರೆ ‘ಕೋಯೀ ಹೈ’ ಎಂದು ಆಳನ್ನು ಕೂಗುವವರಾದ್ದರಿಂದ ಅವರು ಕ್ವೈ-ಹೈಗಳು. ಬೊಂಬಾಯಿಯವರು ಅಲ್ಲಿನ ಬೊಂಬಿಲ್ ಒಣಮೀನಿನಿಂದಾಗಿ ಡಕ್‌ಗಳು. ಮದ್ರಾಸಿನವರು ‘ಮಲ್’ಗಳು. ಮಲ್ ಎಂದರೆ ಮಲ್ಲಿಗಟಾನಿ, ಅಂದರೆ ತಮಿಳಿನ ಮಿಳಗು ತಣ್ಣೀರ್, ಅಂದರೆ ನಮ್ಮ ಮೆಣಸಿನ ಸಾರು! ಬೆಂಗಳೂರು ದಂಡು ಮದ್ರಾಸ್ ಸೈನ್ಯದ್ದೇ ಆದ್ದರಿಂದ ಎಂ.ಜಿ. ರಸ್ತೆಯಲ್ಲಿ ಕುದುರೆ ಏರಿ ಮೆರೆದ ಸಾಹೇಬರೆಲ್ಲ ಲೆಕ್ಕಕ್ಕೆ ‘ಸಾರಿನವರು’. ಇದೆಲ್ಲ ಸಿಗುವುದು 1886ರಲ್ಲಿ ಬಂದ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ. ಆ ವಿಚಿತ್ರ ಹೆಸರು ಕೂಡ ಸಿಪಾಯಿಗಳದೇ: ಮೊಹರಂ ಮೆರವಣಿಗೆಯ ‘ಯಾ ಹಸನ್, ಯಾ ಹುಸೇನ್’ ಟಾಮಿಯ ಕಿವಿಯಲ್ಲಿ ಹಾಗಾಯಿತು. ನಿಘಂಟು ಮಾಡಿದ ಇಬ್ಬರಲ್ಲಿ ಒಬ್ಬನಾದ ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದವನು, ತುಳುವಿನ ಪಾಡ್ದನಗಳನ್ನು ಸಂಗ್ರಹಿಸಿದವನು. ಸಾರಿನ ಮಾತಿಗೆ ಆ ನಿಘಂಟು ಕೊಡುವ ಹಳೆಯ ಉದಾಹರಣೆ ಹೈದರನ ಕೈದಿಯೊಬ್ಬ ಕಟ್ಟಿದ, 1784ರ ಒಂದು ಹಾಡು. ಬೆಂಗಳೂರಿನ ಜೈಲಿನಲ್ಲಿ ಸಾರು ಇಲ್ಲವೇ ಗಂಜಿ, ಇಷ್ಟೇ ಗತಿ ಎಂದು ಅವನು ಗೊಣಗುತ್ತಾನೆ. ಅವನ ಹೆಸರೂ ಅಲ್ಲಿಲ್ಲ. ‘ನೌಕಾಪಡೆಯ ಒಬ್ಬ ಗೃಹಸ್ಥ’ ಎಂದಿದೆ, ಅಷ್ಟೆ.

ಹೆಸರು ಉಳಿಯುವುದಕ್ಕೂ ಒಂದು ದರ್ಜೆ ಬೇಕು. 1890ರ ದಶಕದಲ್ಲಿ ಬೆಂಗಳೂರಿನಲ್ಲಿದ್ದ ಹುಸ್ಸಾರ್ ಪಡೆಯ ಲೆಫ್ಟಿನೆಂಟ್ ಚರ್ಚಿಲ್ ಕ್ಲಬ್ಬಿಗೆ ಬಾಕಿ ಉಳಿಸಿಹೋದ 13 ರೂಪಾಯಿಯ ಲೆಕ್ಕವನ್ನು ಬೆಂಗಳೂರು ಕ್ಲಬ್ ಇಂದಿಗೂ ಜೋಪಾನವಾಗಿ ಇಟ್ಟಿದೆ. ಅದೇ ಪಡೆಯಲ್ಲಿ ಅವನ ಕುದುರೆಯ ಹಿಂದೆ ಧೂಳು ಕುಡಿದ ಟಾಮಿಗಳು ಯಾರಿಗೆ ಎಷ್ಟು ಬಾಕಿ ಉಳಿಸಿಹೋದರೋ, ಶಿವಾಜಿನಗರದ ಅಂಗಡಿಗಳಿಗಷ್ಟೇ ಗೊತ್ತಿತ್ತು.

ಇಷ್ಟು ಹೊತ್ತಿಗೆ ನನಗೆ ಟಾಮಿಯ ಬಗ್ಗೆ ಕನಿಕರ ಹುಟ್ಟಿತ್ತು ಎನ್ನಬೇಕು. ಅದನ್ನು ಕೆಡಿಸಿದ್ದು ‘ಪ್ಯಾಂಡಿ’ ಎಂಬ ಇನ್ನೊಂದು ಹೆಸರು. 1857ರ ಮಾರ್ಚ್ 29ರಂದು ಬಾರಕ್‌ಪುರದಲ್ಲಿ ಬಂದೂಕು ಎತ್ತಿದ ಮಂಗಲ್ ಪಾಂಡೆಯನ್ನು ಏಪ್ರಿಲ್ 8ಕ್ಕೆ ಗಲ್ಲಿಗೇರಿಸಿದರು. ಅಲ್ಲಿಂದ ಮುಂದೆ ದಂಗೆಯೆದ್ದ ಪ್ರತಿ ಸಿಪಾಯಿಯೂ ಬ್ರಿಟಿಷರ ಬಾಯಲ್ಲಿ ಪ್ಯಾಂಡಿ. ಆಮೇಲೆ ದಂಗೆಯೆದ್ದಂತೆ ಕಂಡವನೂ ಪ್ಯಾಂಡಿ. ಅವಧ್, ಬಿಹಾರದ ಕಡೆಯಿಂದ ಸೈನ್ಯ ಸೇರಿದ ಎಷ್ಟೋ ಜನರ ಮನೆತನದ ಹೆಸರು ನಿಜವಾಗಿಯೂ ಪಾಂಡೆ ಎನ್ನುವುದು ಅವರಿಗೆ ಇನ್ನೂ ಅನುಕೂಲವೇ ಆಯಿತು. ಟಾಮಿ ಎನ್ನುವುದು ಒಬ್ಬನ ಹೆಸರು ಎಲ್ಲರದೂ ಆದದ್ದು, ಪ್ಯಾಂಡಿಯೂ ಹಾಗೆಯೇ. ಆದರೆ ಒಂದು ಹೆಸರು ಸಂಬಳದ ಪುಸ್ತಕದಿಂದ ಬಂತು, ಇನ್ನೊಂದು ನೇಣಿನ ಕುಣಿಕೆಯಿಂದ. ಎದುರಿಗಿರುವವನು ಪ್ಯಾಂಡಿಯಾದರೆ ಅವನಿಗೆ ಊರು, ಹೆಂಡತಿ, ವಿಚಾರಣೆ ಯಾವುದೂ ಬೇಕಾಗುವುದಿಲ್ಲ. ಕರ್ನಲ್ ನೀಲ್‌ನ ಮದ್ರಾಸ್ ಫ್ಯುಸಿಲಿಯರ್ಸ್ ‘ನೀಲಿ ಟೋಪಿಯವರು’ ಎಂಬ ಮೆಚ್ಚುಗೆಯ ಹೆಸರು ಗಳಿಸಿದ್ದು ಆ ವರ್ಷವೇ. ಅಲಹಾಬಾದ್, ಕಾನ್ಪುರಗಳಲ್ಲಿ ನೀಲ್ ಕೊಟ್ಟ ಶಿಕ್ಷೆಗಳನ್ನು ಓದಿ ಪುಸ್ತಕ ಮುಚ್ಚಿಟ್ಟು ಎದ್ದುಹೋದದ್ದು ನನಗೆ ನೆನಪಿದೆ. ಮದ್ರಾಸಿನ ಮೌಂಟ್ ರೋಡಿನಲ್ಲಿ ಅವನ ಪ್ರತಿಮೆ ನಿಂತಿತ್ತು. 1927ರಲ್ಲಿ ಅದರ ವಿರುದ್ಧ ಸತ್ಯಾಗ್ರಹ ನಡೆಯಿತು. 1937ರಲ್ಲಿ ರಾಜಾಜಿಯವರ ಸರ್ಕಾರ ಅದನ್ನು ಎತ್ತಿಸಿ ಮ್ಯೂಸಿಯಮ್ಮಿಗೆ ಕಳಿಸಿತು.

ನೀಲಿ ಟೋಪಿಯವರು ಮುಂದೆ ಏನಾದರು? 1881ರ ಸೈನ್ಯದ ಪುನರ್ರಚನೆಯಲ್ಲಿ ಅವರನ್ನು ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್ ಎಂಬ ಐರಿಷ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಮಾಡಿದರು. ಐರಿಷರು ಆ ಸೈನ್ಯಕ್ಕೆ ಹೊಸಬರೇನಲ್ಲ. 1830ರ ಹೊತ್ತಿಗೇ ಬ್ರಿಟಿಷ್ ಸೈನ್ಯದಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಐರಿಷರು, ತಮ್ಮ ನೆಲವನ್ನು ಆಳುತ್ತಿದ್ದವರ ಕೈಯಿಂದಲೇ ಸಂಬಳ ಪಡೆಯುತ್ತಿದ್ದವರು. ‘ಸೈತಾನನ ಸ್ವಂತದವರು’ ಎಂದು ಹೆಸರಾಗಿದ್ದ ಕನಾಟ್ ರೇಂಜರ್ಸ್ ಕೂಡ ಐರಿಷರೇ. 1920ರ ಜೂನಿನಲ್ಲಿ, ಜಲಂಧರದ ಬ್ಯಾರಕ್ಕಿನಲ್ಲಿ, ಊರಿನಿಂದ ಬಂದ ಸುದ್ದಿ ತಿಳಿದು ಅವರು ಬಂದೂಕು ಕೆಳಗಿಟ್ಟರು. ಅಲ್ಲಿ ಐರ್ಲೆಂಡಿನಲ್ಲಿ ‘ಕಪ್ಪು-ಕಂದು’ ಎಂಬ ಅಡ್ಡಹೆಸರಿನ ಪೊಲೀಸ್ ಪಡೆ ಜನರ ಮನೆಗಳಿಗೆ ಬೆಂಕಿಯಿಡುತ್ತಿತ್ತು. ಇಲ್ಲಿ ಪಂಜಾಬಿನಲ್ಲಿ ಜಲಿಯನ್‌ವಾಲಾಬಾಗ್ ಆಗಿ ಒಂದು ವರ್ಷವಾಗಿತ್ತು. ದಂಗೆಗೆ ಸೋಲನ್ನಿನಲ್ಲಿ ಮುಂದಾಳಾಗಿದ್ದ ಜೇಮ್ಸ್ ಡೇಲಿಯನ್ನು ನವೆಂಬರ್ 2ರಂದು ದಗ್ಶಾಯಿಯ ಜೈಲಿನಲ್ಲಿ ಗುಂಡಿಟ್ಟು ಕೊಂದರು. ಅವನಿಗೆ ಇಪ್ಪತ್ತರ ಪ್ರಾಯ. 1970ರಲ್ಲಿ ಅವನ ಅಸ್ಥಿಯನ್ನು ಐರ್ಲೆಂಡಿಗೆ ಒಯ್ದರು. ಪಾಂಡೆ, ಡೇಲಿ. ವಿಕ್ಟೋರಿಯಾ ಕ್ರಾಸ್ ಪಡೆದ ಕೆಲವರನ್ನು ಬಿಟ್ಟರೆ ಆ ಸೈನ್ಯದಲ್ಲಿ ಸಾಮಾನ್ಯ ಸಿಪಾಯಿಗೆ ತನ್ನ ಹೆಸರು ವಾಪಸು ಸಿಗುತ್ತಿದ್ದದ್ದು ಸರ್ಕಾರ ಅವನನ್ನು ಕೊಂದಾಗ.

ನಮ್ಮ ಮನೆಗೆ ‘ಟಾಮಿ’ ಎಂಬ ಶಬ್ದವನ್ನು ತಂದವರು ನನ್ನ ಅಜ್ಜಿಯ ಮಾವನ ತಮ್ಮ. ಅವರು ಮೊದಲ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಸಾಗಣೆ ದಳದ ಜೊತೆ ಗಾಡಿ ಹೊಡೆಯಲು ಮೆಸೊಪೊಟೇಮಿಯಾಕ್ಕೆ ಹೋಗಿದ್ದರು. ವಾಪಸು ಬಂದ ಮೇಲೆ ಊರಿಗೆಲ್ಲ ಅವರು ಬಸ್ರಾ ತಾತ. ಮದುವೆಯಾಗಲಿಲ್ಲ. ಬಿಸಿಲಿನ ಕತೆ, ಖರ್ಜೂರದ ಕತೆ, ಹೆಣಗಳ ಕತೆ ಹೇಳುತ್ತಿದ್ದರಂತೆ. ಬಿಳಿ ಸಿಪಾಯಿಗಳನ್ನು ಟಾಮಿಗಳು ಎನ್ನುತ್ತಿದ್ದರಂತೆ. “ಅವರು ನಿಮ್ಮನ್ನು ಏನಂತ ಕರೀತಿದ್ರು?” ಎಂದು ಅಜ್ಜಿ ಒಮ್ಮೆ ಕೇಳಿದ್ದಕ್ಕೆ “ಜಾನಿ” ಎಂದರಂತೆ. “ನಮ್ಮನ್ನೆಲ್ಲಾ ಜಾನಿ ಅನ್ನೋರು. ಅವರಿಗೆ ನಮ್ಮ ಹೆಸರು ಬಾಯಿಗೆ ಬರ್ತಿರಲಿಲ್ಲ, ನಮಗೆ ಅವರದ್ದು ಬರ್ತಿರಲಿಲ್ಲ.” ಮನೆಯ ನಾಯಿಗೆ ಟಾಮಿ ಎಂದು ಹೆಸರಿಟ್ಟವರು ಅವರೇ. ಸೇಡಿಗೋ ಪ್ರೀತಿಗೋ ಎಂದು ಅಜ್ಜಿಗೆ ಹೇಳಲಾಗಲಿಲ್ಲ. ಗಾಡಿ ಕೆಸರಿನಲ್ಲಿ ಹೂತಾಗ ಒಬ್ಬ ಟಾಮಿ ಬಂದು ಹೆಗಲು ಕೊಟ್ಟಿದ್ದನಂತೆ, ಇನ್ನೊಬ್ಬ ಟಾಮಿ ನೀರಿನ ಡ್ರಮ್ಮಿನಿಂದ ಒದ್ದು ಓಡಿಸಿದ್ದನಂತೆ.

ಬಸ್ರಾ ತಾತನ ನಿಜವಾದ ಹೆಸರೇನು ಎಂದು ಈಗ ನಮ್ಮ ಮನೆಯಲ್ಲಿ ಬದುಕಿರುವ ಯಾರಿಗೂ ಗೊತ್ತಿಲ್ಲ. ಅವರಿಗೆ ಮಕ್ಕಳಿಲ್ಲ, ಪಾಲು ತೆಗೆದುಕೊಳ್ಳಲಿಲ್ಲ, ಹಾಗಾಗಿ ಪಹಣಿಯಲ್ಲೂ ಇಲ್ಲ. ದೆಹಲಿಗೆ ಹೋದಾಗ ತೀನ್ ಮೂರ್ತಿ ವೃತ್ತದಲ್ಲಿ ನಿಂತು ಆ ಮೂರು ಕಂಚಿನ ಸಿಪಾಯಿಗಳನ್ನು ನೋಡಿದ್ದೆ. 1922ರವು. ಜೋಧಪುರ, ಹೈದರಾಬಾದ್, ಮೈಸೂರು ಸಂಸ್ಥಾನಗಳ ಲ್ಯಾನ್ಸರ್ ಪಡೆಗಳಿಗಾಗಿ ಒಬ್ಬೊಬ್ಬ. ನಮ್ಮವನು ಯಾವನೆಂದು ಮುಖ ನೋಡಿ ಗುರುತಿಸಲು ಪ್ರಯತ್ನಿಸಿದೆ. ಆಟೊದವನು ಹಾರ್ನ್ ಮಾಡಿದ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಹತ್ತನೆಯ ತರಗತಿಗೆ ‘ಹಲಗಲಿಯ ಬೇಡರು’ ಲಾವಣಿಯನ್ನು ಎಷ್ಟು ಸಲ ಹೇಳಿಕೊಟ್ಟಿದ್ದೇನೋ. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಹುಕುಂ ಬಂದಾಗ ಒಪ್ಪದೆ ನಿಂತ ಊರಿನ ಕತೆ. ಕುಂಪಣಿಯ ದಂಡು ಬಂದು ಊರಿಗೇ ಬೆಂಕಿಯಿಟ್ಟಿತು. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಆ ಲಾವಣಿಯನ್ನು ಸಂಗ್ರಹಿಸಿ 1885ರಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ಬರುವ ‘ವಿಲಾತಿ’ ಎಂಬ ಮಾತು ವಿಲಾಯತ್‌ನಿಂದ ಬಂದದ್ದು. ಅದೇ ಮಾತನ್ನು ಟಾಮಿಗಳು ಬಾಯಿಗೆ ಹಾಕಿಕೊಂಡು ‘ಬ್ಲೈಟಿ’ ಮಾಡಿ ತಮ್ಮ ಊರನ್ನು ನೆನೆದು ಅಳುತ್ತಿದ್ದರು ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ, ಮಕ್ಕಳು ಪ್ರತಿ ವರ್ಷ ನಂಬುವುದಿಲ್ಲ. ಆಮೇಲೆ ಪರೀಕ್ಷೆಗೆ ಬರುವ ಪ್ರಶ್ನೆ: ಹಲಗಲಿಯ ನಾಲ್ವರು ಪ್ರಮುಖರು ಯಾರು? ಹನುಮ, ಬಾಲ, ಜಡಗ, ರಾಮ. ಇಡೀ ತರಗತಿ ಮಗ್ಗಿಯಂತೆ ಹೇಳುತ್ತದೆ.

ಕಳೆದ ವರ್ಷ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಮಿಸ್, ಬೆಂಕಿ ಇಟ್ಟರಲ್ಲ, ಅವರ ಹೆಸರು?” ಲೆಫ್ಟಿನೆಂಟ್ ಕರ್ ಎಂಬ ಅಧಿಕಾರಿ ಇದ್ದ ಎಂದೆ. “ಅದು ಸಾಹೇಬನ ಹೆಸರಾಯ್ತು ಮಿಸ್. ಕಡ್ಡಿ ಗೀರಿದ್ದು ಸಾಹೇಬನೇ ಏನು?” ತರಗತಿ ನಕ್ಕಿತು, ಅವಳು ನಗಲಿಲ್ಲ. ಕರ್‌ನ ಪಡೆಯ ಹೆಸರು ಸದರ್ನ್ ಮರಾಠಾ ಹಾರ್ಸ್. ಅದರ ಸವಾರರು ಕೆಂಪು ಮೂತಿಯವರಲ್ಲ, ಇದೇ ಸೀಮೆಯ ಕುದುರೆಯವರು, ತಿಂಗಳ ಸಂಬಳದವರು. ಅದನ್ನು ಹೇಳಿದೆ. “ಹಾಗಾದ್ರೆ ನಮ್ಮ ಕಡೆಯೋರೇನಾ?” ಎಂದಳು. ಹೌದು ಎಂದೆ. ಅವಳು ಕೂತು, ನೋಟ್ಸಿನಲ್ಲಿ ನಾಲ್ಕು ಹೆಸರಿನ ಕೆಳಗೆ ಏನೋ ಬರೆಯಲು ಹೊರಟು, ಪೆನ್ನಿನ ತುದಿ ಕಚ್ಚಿಕೊಂಡು, ಎಷ್ಟು ಸಾಲು ಬಿಡಬೇಕು ಎಂದು ಪಕ್ಕದವಳನ್ನು ಕೇಳಿದಳು.